ಜೇಬಿನಿಂದ ಕೈ ತೆಗೆಯದ ಥೆಲ್ಮಾ

ಥೆಲ್ಮಾ ಆಡ್ಲಿಂಗ್ ತನ್ನ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ ಇಪ್ಪತ್ತೆರಡು ವರ್ಷವಾಗಿತ್ತು. ಕಾರು ಬೀದಿಯಲ್ಲಿ ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಾ ನಿಂತಿರುತ್ತಿತ್ತು. ಗ್ಯಾರೇಜಿನೊಳಗೆ ಹನ್ನೊಂದು ಫ್ರೂಟ್ ಮಷೀನುಗಳು ಹಳೇ ಕಂಬಳಿ ಹೊದ್ದು ಬೆಚ್ಚಗಿರುತ್ತಿದ್ದವು. ಕಾಸು ಹಾಕಿ ಹಿಡಿ ಎಳೆದರೆ ಮೂರು ಗಾಲಿ ಗರ್ರನೆ ತಿರುಗಿ, ಚೆರ್ರಿಯೋ ನಿಂಬೆಯೋ ಗಂಟೆಯೋ ಮೂರಕ್ಕೆ ಮೂರೂ ಒಂದೇ ಬಂದು ನಿಂತರೆ ಕಾಸು ಉದುರಿಸುವ ಮಷೀನು. ಆ ಕಡಲದಂಡೆಯ ಊರು ಕ್ಲೀಥಾರ್ಪ್ಸ್‌ನಲ್ಲಿ ಹುಟ್ಟಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಮಕ್ಕಳು ಅಮ್ಮ ಅನ್ನುವುದನ್ನು ಕಲಿತ ಮಾರನೇ ದಿನವೇ ಇದರ ಹಿಡಿಗೆ ಜೋತುಬೀಳುತ್ತವೆ.

ಇಂಥ ಮಷೀನು ಕೂಡಿಡುವವರನ್ನು ಕಂಡರೆ ಜನ ಜೂಜುಕೋರರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಬಾಯಿಗೆ ಬೀಗ ಹಾಕೋಕಾಗುತ್ತದೆಯೇ. ಆದರೆ ಥೆಲ್ಮಾ ಹುಟ್ಟಿದಾಗಿನಿಂದ ಒಂದು ಲಾಟರಿ ಚೀಟಿ ಕೂಡ ಕೊಂಡವಳಲ್ಲ. ಯಾವುದೋ ಪಬ್ಬಿನ ನೆಲಮಾಳಿಗೆಯಲ್ಲಿ ಇಲಿ ಗೂಡು ಕಟ್ಟಿದ ಮಷೀನಿದೆ ಅಂತ ಸುದ್ದಿ ಬಂದರೆ ಸಾಕು, ಅರುವತ್ತೈದರ ಈ ಹೆಂಗಸು ಮೂವತ್ತು ಮೈಲಿ ಕಾರು ಓಡಿಸಿಕೊಂಡು ಹೋಗಿ ಅದನ್ನು ಹೊತ್ತು ತರುತ್ತಿದ್ದಳು. ಚಳಿಗಾಲ ಪೂರ್ತಿ ಇಂಥ ಮೂರು ನಾಲ್ಕರ ಹೊಟ್ಟೆಯೊಳಗೆ ಕೈಯಾಡಿಸಿ, ವಸಂತ ಬರುವ ಹೊತ್ತಿಗೆ ಅವನ್ನು ಓಡುವ ಹಾಗೆ ಮಾಡಿ, ತನ್ನಂಥದೇ ಹುಚ್ಚಿರುವವರಿಗೆ ಮಾರಿ, ಆ ದುಡ್ಡಿಗೆ ಮತ್ತಷ್ಟು ಸತ್ತ ಮಷೀನು ಕೊಳ್ಳುತ್ತಿದ್ದಳು. ಕೆಟ್ಟು ನಿಂತದ್ದು ಮತ್ತೆ ಓಡಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಮೂರು ವರ್ಷದ ಹಿಂದೆ ಅವಳ ಮನೆಗೆ ಒಂದು ಸರ್ಕಾರಿ ಕಾಗದ ಬಂತು. ಯಾರೋ ದೂರು ಕೊಟ್ಟಿದ್ದರು. ಯಾರು ಅಂತ ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜೂಜಿನ ಮಷೀನು ಮಾರುವುದಕ್ಕೆ, ಬೇರೆಯವರದ್ದನ್ನು ರಿಪೇರಿ ಮಾಡುವುದಕ್ಕೆ ಪರವಾನಗಿ ಬೇಕು, ನೀವು ಅಂತರ್ಜಾಲದಲ್ಲಿ ಜಾಹೀರಾತು ಹಾಕಿ ವರ್ಷಕ್ಕೆ ನಾಲ್ಕು ಮಾರಿದ್ದೀರಿ, ಪರವಾನಗಿ ಇಲ್ಲ, ಇದು ಅಪರಾಧ, ಮುಂದೆ ಹೀಗಾಗಕೂಡದು. ಇಷ್ಟು ಸಾರಾಂಶ. ಬೈಗುಳವಿರಲಿಲ್ಲ, ದಂಡವಿರಲಿಲ್ಲ. ದೊಡ್ಡ ಕಂಪನಿಗಳ ಪರವಾನಗಿ ಇವಳಂಥವರ ಕೈಗೆಟುಕುವ ಮಾತಲ್ಲ. ಒಂದೇ ಒಂದು ಮಷೀನಿಗೆ, ಒಂದೇ ಒಂದು ಸಲಕ್ಕೆ ಕೊಡುವ ಚಿಕ್ಕ ಪರವಾನಗಿಯೂ ಇದೆ, ಅರ್ಜಿ ಹಾಕಿ ಕಾಯಬೇಕು ಅಂತ ಕೊನೆಯಲ್ಲಿ ಬರೆದಿದ್ದರು.

ಆ ಕಾಗದ ಓದಿದ ದಿನ ಥೆಲ್ಮಾ ಊಟ ಮಾಡಲಿಲ್ಲ. ಕಡಲದಂಡೆಯ ಆಟದ ಮಳಿಗೆಯಲ್ಲಿ ನಲವತ್ತು ವರ್ಷ ದುಡಿದವಳು. ಚಿಲ್ಲರೆ ಕೊಡುವ ಗೂಡಿನಲ್ಲಿ ಹದಿನಾರಕ್ಕೆ ಕೂತು, ಮಷೀನು ರಿಪೇರಿಯ ಮುಖ್ಯಸ್ಥೆಯಾಗಿ ಹೊರಬಿದ್ದವಳು. ಮೋಸ ಮಾಡಿದಳು ಅಂತ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಈಗ ಈ ವಯಸ್ಸಿನಲ್ಲಿ ಅಪರಾಧಿ. ಮಾರನೇ ದಿನ ಜಾಹೀರಾತೆಲ್ಲ ತೆಗೆದುಹಾಕಿದಳು. 'ಪರವಾನಗಿ ಇಲ್ಲದೆ ಇನ್ನೊಬ್ಬರ ಮಷೀನಿಗೆ ಕೈ ಹಚ್ಚುವುದಿಲ್ಲ' ಅಂತ ಸ್ವಂತ ಕೈಯಿಂದ ಬರೆದು, ಸಹಿ ಹಾಕಿ, ಅಂಚೆಗೆ ಹಾಕಿ ಬಂದಳು. ಯಾರೂ ಅವಳಿಂದ ಹಾಗೆ ಬರೆಸಿಕೊಂಡಿರಲಿಲ್ಲ. ಅವಳಿಗೇ ಬರೆಯಬೇಕು ಅನ್ನಿಸಿತು, ಬರೆದಳು.

ಮಷೀನು ಕೂಡಿಡುವವರ ಬಳಗದಲ್ಲಿ ಇದು ದೊಡ್ಡ ತಮಾಷೆಯಾಯಿತು. ಆ ಜನ ಇದಕ್ಕೆಲ್ಲ ಎಂದೋ ದಾರಿ ಕಂಡುಕೊಂಡಿದ್ದರು. ಗುಜರಿಗೆ ಮಾರಲು ಯಾವ ಪರವಾನಗಿಯೂ ಬೇಡ, ಕಾನೂನಿನಲ್ಲೇ ಹಾಗಿದೆ. ಹಾಗಾಗಿ ಜಾಹೀರಾತಿನ ಕೊನೆಯಲ್ಲಿ 'ಗುಜರಿಗೆ ಮಾತ್ರ' ಅಂತ ಒಂದು ಸಾಲು ಹಾಕುವುದು, ಕೊಳ್ಳುವವನು ಕಣ್ಣು ಮಿಟುಕಿಸುವುದು, ಮನೆಗೊಯ್ದು ಹೊಳಪು ಹಾಕಿ ಹಜಾರದಲ್ಲಿ ನಿಲ್ಲಿಸುವುದು.

"ನೀನೂ ಹಾಗೇ ಬರಿ ಥೆಲ್ಮಾ," ಅಂದ ಟ್ರೆವರ್. ಪಕ್ಕದೂರು ಗ್ರಿಮ್ಸ್‌ಬಿಯವನು, ಅವಳ ಹಳೇ ಗಿರಾಕಿ. "ಎರಡು ಪದ. ಕೈ ಸವೆದುಹೋಗಲ್ಲ."

"ಗುಜರಿ ಅಲ್ಲವಲ್ಲ ಅದು. ನಾಲ್ಕು ತಿಂಗಳು ಕೂತು ಎಬ್ಬಿಸಿದ್ದೀನಿ, ಅದನ್ನ ಗುಜರಿ ಅನ್ನಲಾ?"

"ಮಷೀನಿಗೇನು ಬೇಜಾರಾಗುತ್ತಾ?"

"ನನಗಾಗುತ್ತೆ."

ಅಂದಿನಿಂದ ಅವಳಿಗೆ ಬಳಗದಲ್ಲಿ 'ಪರವಾನಗಿ ಥೆಲ್ಮಾ' ಅನ್ನುವ ಹೆಸರು ಬಿತ್ತು. ಒಂದೊಂದು ಮಷೀನಿಗೂ ಅರ್ಜಿ ತುಂಬುತ್ತಾ, ವಾರಗಟ್ಟಲೆ ಕಾಯುತ್ತಾ ವರ್ಷಕ್ಕೊಂದು ಮಾರುವಂತಾಯಿತು. ಗ್ಯಾರೇಜು ತುಂಬಿತು. ಹೊಸದು ತರಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಆದರೂ ಅವಳು ಆ ಕಾನೂನನ್ನು ಬೈದದ್ದನ್ನು ಯಾರೂ ಕೇಳಿಲ್ಲ. ಕಾನೂನನ್ನು ಬೈಯುತ್ತಿದ್ದವರು ಮಷೀನಿನ ಮುಂದೆ ನಿಂತು ಆಡಿದವರು. ಇವಳು ಚಿಲ್ಲರೆ ಗೂಡಿನ ಗಾಜಿನ ಹಿಂದೆ ಕೂತು ನೋಡಿದವಳು. ಮೀನು ಕಟ್ಟೆಯಲ್ಲಿ ವಾರವಿಡೀ ಹ್ಯಾಡಕ್ ಸೀಳಿದ ಹೆಂಗಸರು ಶುಕ್ರವಾರ ಸಂಬಳದ ಲಕೋಟೆ ಹಿಡಿದು ಬಂದು, ಒಂದೊಂದೇ ನೋಟು ಮುರಿಸಿ, ಖಾಲಿ ಲಕೋಟೆಯನ್ನು ಗೂಡಿನ ಮುಂದೆ ಎಸೆದು ಹೋಗುವುದನ್ನು ಕಂಡಿದ್ದಳು. ಒಬ್ಬಳಿಗಂತೂ ಚಿಲ್ಲರೆ ಕೊಡಲ್ಲ ಹೋಗು ಅಂತ ಗಾಜು ಎಳೆದು ಮಾಲೀಕನಿಂದ ಬೈಸಿಕೊಂಡಿದ್ದಳು. ಕಾನೂನು ಯಾರಿಗೋಸ್ಕರ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಕಾನೂನು ತನ್ನ ಮುಖ ನೋಡಿ ಬರೆದದ್ದಲ್ಲ, ಹಾಗಾಗಿ ತನ್ನ ಮುಖ ನೋಡಿ ಬಿಡಬೇಕಾಗಿಯೂ ಇಲ್ಲ ಅನ್ನುವುದು ಅವಳ ಲೆಕ್ಕಾಚಾರ.

ಹೀಗಿರುವಾಗ ಮಾರ್ಚ್ ತಿಂಗಳ ಒಂದು ಸೋಮವಾರ ಲೋರ್ನಾ ಡ್ರಿಂಗ್ ಫೋನ್ ಮಾಡಿದಳು.

ಲೋರ್ನಾಳ ಅಪ್ಪ ಸಿರಿಲ್ ಡ್ರಿಂಗ್ ಅಂದರೆ ಥೆಲ್ಮಾಳಿಗೆ ಕೈಕೆಲಸ ಕಲಿಸಿದ ಗುರು. ಮಳಿಗೆಯ ಹಿಂಭಾಗದ ರಿಪೇರಿ ಕೋಣೆ ಅವನದಾಗಿತ್ತು. ಚಿಲ್ಲರೆ ಗೂಡಿನ ಹುಡುಗಿ ಬಂದು 'ನನಗೂ ಕಲಿಸಿ' ಅಂದಾಗ ಇಡೀ ಮಳಿಗೆ ನಕ್ಕಿತ್ತು. ಸಿರಿಲ್ ನಗಲಿಲ್ಲ. "ಒಂದು ತಿಂಗಳು ಕೈ ಜೇಬಿನಲ್ಲಿರಬೇಕು," ಅಂದ. ಅವನ ಕೋಣೆಗೆ ಬಂದವರಿಗೆಲ್ಲ ಅದೇ ನಿಯಮ. ಕೈ ಮೊದಲು ಕಲಿತರೆ ಕಿವಿ ಸೋಮಾರಿಯಾಗುತ್ತದೆ ಅನ್ನುವುದು ಅವನ ವಾದ. ಥೆಲ್ಮಾ ಮೂವತ್ತು ದಿನ ಏಪ್ರನ್ನಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಮಷೀನಿಗೆ ಬೆನ್ನು ಹಾಕಿ ನಿಂತು, ಯಾವ ಗಾಲಿ ತಡವಾಗಿ ನಿಂತಿತು, ಯಾವ ಹಲ್ಲು ಸವೆದಿದೆ ಅಂತ ಕೇಳಿಯೇ ಹೇಳಿದಳು. ಮೂವತ್ತೊಂದನೆಯ ದಿನ ಸಿರಿಲ್ "ಕೈ ತೆಗಿ" ಅಂದ. ಅವನು ಯಾರಿಗಾದರೂ ಕೊಟ್ಟ ಸರ್ಟಿಫಿಕೇಟು ಅಂದರೆ ಅಷ್ಟೇ.

ಈಗ ಸಿರಿಲ್‌ಗೆ ಎಂಬತ್ತಾರು. ಮೂರು ವರ್ಷದಿಂದ ಎರಡೂ ಕಣ್ಣು ಹೋಗಿದ್ದವು. ಮಗಳ ಜೊತೆ ಕಡಲಿನಿಂದ ನಾಲ್ಕು ಬೀದಿ ಈಚೆ ಒಂದು ಪುಟ್ಟ ಬಂಗಲೆಯಲ್ಲಿದ್ದ. ಅವನ ಹಿಂದಿನ ಕೋಣೆಯಲ್ಲಿ ಒಂದೇ ಒಂದು ಮಷೀನಿತ್ತು. ಹಳೇ ದೊಡ್ಡ ತಾಮ್ರದ ಪೆನ್ನಿ ಸರ್ಕಾರ ರದ್ದು ಮಾಡಿದಾಗ ಮಳಿಗೆಯವರು ಬೀದಿಗೆ ಹಾಕಿದ್ದನ್ನು ಅವನು ತಳ್ಳುಗಾಡಿಯಲ್ಲಿ ತಂದಿದ್ದ, ಜೊತೆಗೊಂದು ಜಾಡಿ ತುಂಬ ಆ ಹಳೇ ಪೆನ್ನಿಗಳು. ದಿನಾ ಸಂಜೆ ಊಟಕ್ಕೆ ಮುಂಚೆ ಇಪ್ಪತ್ತು ಪೆನ್ನಿ ಆಡುತ್ತಿದ್ದ. ಸೋತದ್ದನ್ನು ಮಷೀನಿನ ಅಡಿಯ ಕಾಸಿನ ಪೆಟ್ಟಿಗೆ ಎಳೆದು ವಾಪಸು ಜಾಡಿಗೆ ಹಾಕುತ್ತಿದ್ದ. ಗೆದ್ದರೂ ಅವನದೇ, ಸೋತರೂ ಅವನದೇ. ಇದನ್ನು ಜೂಜು ಅನ್ನಬೇಕೋ ದೇವರ ಧ್ಯಾನ ಅನ್ನಬೇಕೋ ನೀವೇ ಹೇಳಿ.

"ಮಷೀನು ನಿಂತುಹೋಗಿದೆ," ಅಂದಳು ಲೋರ್ನಾ ಫೋನಿನಲ್ಲಿ. "ಹನ್ನೆರಡು ದಿನ ಆಯ್ತು. ಹಿಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ. ದಿನಾ ಸಂಜೆ ಹೋಗಿ ಒಂದು ಸಲ ಎಳೀತಾರೆ, ಆಮೇಲೆ ಅಲ್ಲೇ ಕೂತುಬಿಡ್ತಾರೆ. ಊಟ ಸೇರಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಗುಜರಿಯವನು ಬರ್ತಾನೆ. ಅದಕ್ಕೆ ಮುಂಚೆ ನೀವು ಬಂದು ಸರಿ ಮಾಡೋಕಾದ್ರೆ ಮಾಡಿ, ಇಲ್ಲದಿದ್ರೆ ಹೋಗಲಿ."

"ಅರ್ಜಿ ಹಾಕಿದ್ರೆ ಪರವಾನಗಿ ಬರೋಕೆ ಆರು ವಾರ ಬೇಕು ಲೋರ್ನಾ. ಆರು ವಾರ ಬಿಡು."

"ಆರು ವಾರ ಅವರು ಹೀಗೆ ಉಪವಾಸ ಕೂತ್ರೆ ಅವರೇ ಇರಲ್ಲ. ಆ ಹಾಳಾದ್ದು ಮನೆಯಿಂದ ಹೋದ್ರೆ ಮರೀತಾರೆ."

"ಮಿಸ್ಟರ್ ಡ್ರಿಂಗ್ ಏನಂತಾರೆ?"

"ತಗೊಂಡು ಹೋಗಲಿ ಬಿಡು ಅಂದ್ರು." ಲೋರ್ನಾಳ ದನಿ ಸಣ್ಣಗಾಯಿತು. "ಅಂದು ಗೋಡೆ ಕಡೆ ತಿರುಗಿಕೊಂಡ್ರು."

ಥೆಲ್ಮಾಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳು ಹೋಗಿ ಬೆನ್ನಿನ ಬಾಗಿಲು ತೆಗೆದು ಕೈಯಿಟ್ಟರೆ ಅರ್ಧ ಗಂಟೆಯ ಕೆಲಸ. ಆದರೆ ಕೈಯಿಡುವುದಿಲ್ಲ ಅಂತ ಬರೆದುಕೊಟ್ಟಿದ್ದಳು. ಮಷೀನನ್ನು ಪುಡಿ ಮಾಡುವವನಿಗೆ ಯಾರ ಅಪ್ಪಣೆಯೂ ಬೇಡ, ಅದನ್ನು ಉಳಿಸುವವಳಿಗೆ ಆರು ವಾರದ ಅಪ್ಪಣೆ ಬೇಕು. ಇದೆಂಥ ನ್ಯಾಯ ಅಂತ ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಕಾಗದವನ್ನು ಹರಿದು ಒಲೆಗೆ ಹಾಕುತ್ತಿದ್ದೆ. ಅವಳು ಮಂಗಳವಾರ ಬೆಳಿಗ್ಗೆ ಎದ್ದು ಅದೇ ಕಾಗದವನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು, ನಾಲ್ಕು ಸಲ ಓದಿದಳು. ಮಧ್ಯಾಹ್ನ ಉಪಕರಣದ ಡಬ್ಬಿ ಕಾರಿನಲ್ಲಿಟ್ಟುಕೊಂಡು ಡ್ರಿಂಗ್ ಮನೆಯ ಬೀದಿಯವರೆಗೂ ಹೋದಳು. ಇಪ್ಪತ್ತು ನಿಮಿಷ ಕಾರಿನಲ್ಲೇ ಕೂತಳು. ಇಳಿಯದೆ ವಾಪಸು ಬಂದಳು.

ಬುಧವಾರ ಹನ್ನೊಂದು ಗಂಟೆಗೆ ಮತ್ತೆ ಹೋದಳು. ಈ ಸಲ ಡಬ್ಬಿ ಮನೆಯಲ್ಲೇ ಬಿಟ್ಟಿದ್ದಳು. ಉಣ್ಣೆಯ ಕಾರ್ಡಿಗನ್ ತೊಟ್ಟಿದ್ದಳು, ಎರಡೂ ಕೈ ಅದರ ಜೇಬಿನಲ್ಲಿದ್ದವು. ಬಾಗಿಲ ಗಂಟೆಯನ್ನು ಮೊಣಕೈಯಿಂದ ಒತ್ತಿದಳು.

ಲೋರ್ನಾ ಬಾಗಿಲು ತೆಗೆದು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಡಬ್ಬಿ ಎಲ್ಲಿ?"

"ನಿಮ್ಮಪ್ಪನ ಡಬ್ಬಿ ಇದೆಯಲ್ಲ."

"ಅವರದ್ದು ಮಂಚದ ಕೆಳಗೆ ಸೇರಿ ಮೂರು ವರ್ಷ ಆಯ್ತು."

"ಹೊರಗೆ ತೆಗಿ."

ಸಿರಿಲ್ ಹಿಂದಿನ ಕೋಣೆಯಲ್ಲಿ ಮಷೀನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಹೆಜ್ಜೆ ಸದ್ದಿಗೇ ತಲೆ ಎತ್ತಿದ. ಎರಡು ವಾರದಲ್ಲಿ ಕೊರಳಪಟ್ಟಿ ಸಡಿಲವಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಹುಣಸೆಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ?

"ಬಂದೆಯಾ ಹುಡುಗಿ. ಬಿಚ್ಚು ಹಾಗಾದ್ರೆ. ಸ್ಪ್ರಿಂಗ್ ಹೋಗಿದೆ ಅಂತ ಕಾಣುತ್ತೆ."

"ನಾನು ಬಿಚ್ಚಲ್ಲ ಮಿಸ್ಟರ್ ಡ್ರಿಂಗ್. ನೀವು ಬಿಚ್ತೀರಿ."

"ಕುರುಡನ ಕೈಗೆ ಸ್ಕ್ರೂಡ್ರೈವರ್ ಕೊಡ್ತೀಯಾ?"

"ಅದನ್ನೂ ನಾನು ಕೊಡಲ್ಲ. ನೀವೇ ಡಬ್ಬಿಯಿಂದ ತಗೋಬೇಕು." ಅವಳು ಕಾಗದದ ವಿಷಯ, ತಾನು ಬರೆದುಕೊಟ್ಟ ವಿಷಯ ಎಲ್ಲ ಹೇಳಿದಳು. "ಬೇರೆಯವರ ಮಷೀನಿಗೆ ಕೈ ಹಚ್ಚಬಾರದು ಅಂತ ನನಗೆ ಹೇಳಿದ್ದಾರೆ. ಇದು ನಿಮ್ಮ ಮಷೀನು, ನಿಮ್ಮ ಮನೆ, ನಿಮ್ಮ ಕೈ. ನನಗೆ ತಿಳಿದ ಮಟ್ಟಿಗೆ ಅದಕ್ಕೆ ಆ ಕಾಗದದಲ್ಲಿ ಅಡ್ಡಿ ಇಲ್ಲ. ಬಾಯಿ ಮುಚ್ಚಿಕೊಂಡಿರು ಅಂತಲೂ ನನಗೆ ಹೇಳಿಲ್ಲ."

"ಯಾರು ನೋಡ್ತಾರೆ ಇಲ್ಲಿ? ನಾನಂತೂ ನೋಡಲ್ಲ."

"ನಾನು ನೋಡ್ತೀನಲ್ಲ."

ಸಿರಿಲ್‌ಗೆ ಸಿಟ್ಟು ಬಂತು. ಕೈ ಎತ್ತಿ ತೋರಿಸಿದ, ಬೆರಳು ನಡುಗುತ್ತಿದ್ದವು. "ಇದರಲ್ಲಿ ಟೀ ಕಪ್ ನಿಲ್ಲಲ್ಲ. ನೀನು ನನ್ನ ಮರ್ಯಾದೆ ತೆಗೀಬೇಕು ಅಂತಲೇ ಬಂದೆಯಾ?"

"ಒಂದು ತಿಂಗಳು ಕೈ ಜೇಬಿಂದ ತೆಗೀಬೇಡ ಅಂದೋರು ಯಾರು?"

ಮುದುಕ ಎತ್ತಿದ ಕೈ ಇಳಿಸಿದ.

"ಈಗ ಎಲ್ಲಿದೆ ಕೈ?" ಅಂತ ಕೇಳಿದ.

"ಜೇಬಲ್ಲಿ."

"ಎರಡೂ?"

"ಎರಡೂ."

ಅವನು ಮೂಗಿನಲ್ಲೇ ಒಂದು ಥರ ನಕ್ಕು, ಕುರ್ಚಿಯ ತೋಳು ಹಿಡಿದು ಎದ್ದ.

ಲೋರ್ನಾ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಬ್ಬರಿಗೂ ತಲೆ ಕೆಟ್ಟಿದೆ ಅನ್ನುವುದು ಅವಳ ಮುಖದಲ್ಲಿ ಬರೆದಿತ್ತು. ಟೀ ಮಾಡಿ, ಒಣದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್ಡಿಗೆ ಬೆಣ್ಣೆ ಸವರಿ, ಚೀಸಿನ ತುಂಡಿಟ್ಟು ತಂದು ಕಿಟಕಿಯ ಬಳಿ ಇಟ್ಟಳು. ಇಬ್ಬರೂ ಅದನ್ನು ಮುಟ್ಟಲಿಲ್ಲ.

ಬೆನ್ನಿನ ಬಾಗಿಲು ತೆಗೆಯುವುದಕ್ಕೇ ಕಾಲು ಗಂಟೆ ಹಿಡಿಯಿತು. ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ನಿಲ್ಲುತ್ತಿರಲಿಲ್ಲ. "ಎಡಗೈ ಹೆಬ್ಬೆರಳು ಸ್ಕ್ರೂ ಪಕ್ಕ ಊರಿ, ಅದರ ಉಗುರಿಗೆ ತಾಗಿಸಿಕೊಂಡು ಇಳಿಸಿ," ಅಂದಳು ಥೆಲ್ಮಾ. ಅದು ಅವನೇ ಅವಳಿಗೆ ಹೇಳಿಕೊಟ್ಟ ಮಾತು. ಅವನು ಹಾಗೇ ಮಾಡಿದ. ಸ್ಕ್ರೂಡ್ರೈವರ್ ಕೂತಿತು. ನಾಲ್ಕನೇ ಸ್ಕ್ರೂ ಹೊತ್ತಿಗೆ ನಡುಕ ಅರ್ಧ ಕಡಿಮೆಯಾಗಿತ್ತು. ಕೆಲಸ ಹತ್ತಿದ ಕೈಗೆ ನಡುಗಲು ಪುರುಸೊತ್ತೆಲ್ಲಿ?

ಒಳಗೆ ಕೈ ಹಾಕಿ, ಒಂದೊಂದೇ ಭಾಗ ಮುಟ್ಟುತ್ತಾ, ಹೆಸರು ಹೇಳುತ್ತಾ ಹೋದ. ಕಾಸು ಜಾರುವ ಹಲಗೆಯ ಹತ್ತಿರ ಬಂದು ನಿಂತ. "ನಾನು ಹೇಳಲಿಲ್ವಾ? ಸ್ಪ್ರಿಂಗ್ ಕೊಕ್ಕೆಯಿಂದ ಕಳಚಿಕೊಂಡಿದೆ." ಅದನ್ನು ಎರಡು ಬೆರಳಲ್ಲಿ ಹಿಡಿದು ಈಚೆ ತೆಗೆಯುತ್ತಿದ್ದಂತೆ ಅದು ಚಿಮ್ಮಿ ನೆಲಕ್ಕೆ ಹಾರಿತು. ಮೃದು ಕಾರ್ಪೆಟ್ಟು, ಬಿದ್ದ ಸದ್ದೇ ಆಗಲಿಲ್ಲ. ಬಿದ್ದದ್ದು ಥೆಲ್ಮಾಳ ಬಲಗಾಲ ಬೂಟಿನ ಪಕ್ಕದಲ್ಲಿ.

"ಎಲ್ಲಿ ಬಿತ್ತು?"

"ನನ್ನ ಕಾಲ ಹತ್ತಿರ. ನಿಮ್ಮಿಂದ ಎರಡು ಮೊಳ ದೂರ, ಬಲಕ್ಕೆ."

ಎಂಬತ್ತಾರರ ಮುದುಕ ಮಂಡಿಯೂರಿ, ಕಾರ್ಪೆಟ್ಟನ್ನು ಅಂಗೈಯಿಂದ ಸವರುತ್ತಾ ಹುಡುಕತೊಡಗಿದ. ಥೆಲ್ಮಾಳ ಕಾರ್ಡಿಗನ್ನಿನ ಜೇಬುಗಳು ಒಳಗಿನಿಂದ ಉಬ್ಬಿ ಬಿಗಿದವು. ಬಗ್ಗಿ ಎತ್ತಿದರೆ ಮುಗಿಯಿತು. ಎತ್ತಿಕೊಟ್ಟರೆ ಅದು ರಿಪೇರಿಯೇ? ಆಗಿರಲಿಕ್ಕಿಲ್ಲ. ಆದರೆ ಇಷ್ಟು ಎತ್ತಿಕೊಡಬಹುದು ಅಂದರೆ ಆಮೇಲೆ ಇಷ್ಟು ಹಿಡಿದುಕೊಳ್ಳಬಹುದು, ಇಷ್ಟು ಸಿಕ್ಕಿಸಬಹುದು ಅಂತ ಆಗುತ್ತದೆ. ಅವಳು ತುಟಿ ಕಚ್ಚಿಕೊಂಡು, "ಇನ್ನೂ ಸ್ವಲ್ಪ ಬಲಕ್ಕೆ," ಅಂದಳು.

ಲೋರ್ನಾಳಿಂದ ತಡೆದುಕೊಳ್ಳಲಾಗಲಿಲ್ಲ. ದಡದಡ ಬಂದು ಸ್ಪ್ರಿಂಗ್ ಎತ್ತಿ ಅಪ್ಪನ ಅಂಗೈಗೆ ಹಾಕಿದಳು.

"ನಾನು ದಿನಾ ಗುಡಿಸೋ ಕಾರ್ಪೆಟ್ ಮೇಲೆ ಬಿದ್ದದ್ದನ್ನ ನಾನು ಎತ್ತಿದ್ದೀನಿ. ಇದಕ್ಕೂ ಅರ್ಜಿ ಹಾಕಬೇಕಾದ್ರೆ ಹಾಕ್ತೀನಿ, ಬಂದು ಹಿಡ್ಕೊಂಡು ಹೋಗಲಿ."

ಅವಳು ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದಳು. ಸಿರಿಲ್ ಸ್ಪ್ರಿಂಗನ್ನು ಬೆರಳಲ್ಲಿ ತಡವಿ, ಕೊಕ್ಕೆ ಹುಡುಕಿ, ಮೂರು ಸಲ ತಪ್ಪಿ ನಾಲ್ಕನೇ ಸಲ ಸಿಕ್ಕಿಸಿದ. ಮುಂದೆ ಬಂದು ಒಂದು ಪೆನ್ನಿ ಹಾಕಿ ಹಿಡಿ ಎಳೆದ. ಅರ್ಧಕ್ಕೆ ಬಂದು ಕಟಕ್ ಅಂತ ನಿಂತಿತು, ಮೊದಲಿನ ಹಾಗೇ.

ಸಿರಿಲ್ ಹಿಡಿಯ ಮೇಲಿಂದ ಕೈ ತೆಗೆದ. "ಆಯ್ತು ಬಿಡು. ಕೈ ಹೋಯ್ತು, ಕಣ್ಣು ಹೋಯ್ತು, ಇದೂ ಹೋಗಲಿ. ನಾಳೆ ಅವನು ಬರಲಿ." ತನ್ನ ಕುರ್ಚಿ ಎಲ್ಲಿದೆ ಅಂತ ತಡಕಾಡಿದ.

ಥೆಲ್ಮಾ ಆಗಲೇ ಮಷೀನಿಗೆ ಬೆನ್ನು ಹಾಕಿ ನಿಂತಿದ್ದಳು, ಹದಿನಾರರಲ್ಲಿ ನಿಂತ ಹಾಗೆ. "ಇನ್ನೊಂದು ಸಲ ಎಳೀರಿ. ನಿಧಾನ. ಕೂರಬೇಡಿ, ಎಳೀರಿ."

ಅವನು ಎಳೆದ. ಕಟಕ್.

"ಇನ್ನೊಂದು ಸಲ." ಅವಳು ಕಣ್ಣು ಮುಚ್ಚಿದ್ದಳು. "ಆ ಕಟಕ್‌ಗೆ ಮುಂಚೆ ಒಂದು ಸಣ್ಣ ದನಿ ಇದೆ. ಟಿಣ್ ಅನ್ನುತ್ತೆ. ಕೇಳಿಸ್ತಾ? ನಿಮ್ಮ ಪೆನ್ನಿ ಹಾಗೆ ಅನ್ನಲ್ಲ. ಪೆನ್ನಿ ದನಿ ದಪ್ಪ."

ಸಿರಿಲ್ ಕಿವಿಯನ್ನು ಮಷೀನಿನ ಮರಕ್ಕೆ ಒತ್ತಿ, ತಾನೇ ಇನ್ನೊಮ್ಮೆ ಎಳೆದ. ಮುಖ ಬದಲಾಯಿತು. ಹಿಂದೆ ಹೋಗಿ, ಹಲಗೆಯ ಅಡಿಗೆ ಎರಡು ಬೆರಳು ತೂರಿಸಿ, ಹಲ್ಲು ಕಚ್ಚಿ ಮೀಟಿದ. ಏನೋ ಜಾರಿ ಅವನ ಅಂಗೈಗೆ ಬಿತ್ತು. ಹೆಬ್ಬೆರಳಿನಿಂದ ಅದರ ಅಂಚು ಸವರಿದ.

"ಇದು ಪೆನ್ನಿ ಅಲ್ಲ," ಅಂದ. "ಇದು ಈಗಿನ ಎರಡು ಪೆನ್ಸ್ ಬಿಲ್ಲೆ. ಅಗಲ ಕಡಿಮೆ, ಸೀಳಲ್ಲಿ ಸುಲಭಕ್ಕೆ ಹೋಗಿ ಒಳಗೆ ಅಡ್ಡ ಮಲಗಿದೆ. ಅದೇ ಸ್ಪ್ರಿಂಗನ್ನೂ ಕಿತ್ತಿದೆ. ಯಾರು ಹಾಕಿದ್ದು?"

ಥೆಲ್ಮಾ ತಿರುಗಿ ನೋಡಿದಳು. ಲೋರ್ನಾ ಟೀ ತಟ್ಟೆಯನ್ನು ಸುಮ್ಮಸುಮ್ಮನೆ ಅತ್ತಿತ್ತ ಸರಿಸುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ನಾನೇ," ಅಂದಳು ಕೊನೆಗೆ. "ನೀವು ಚರ್ಚಿನ ಊಟಕ್ಕೆ ಹೋಗಿದ್ರಲ್ಲ ಅವತ್ತು. ಇದರಲ್ಲಿ ಅಂಥದ್ದೇನಿದೆ ನೋಡೋಣ ಅಂತ. ನಿಮ್ಮ ಜಾಡಿ ಮುಟ್ಟಿದ್ರೆ ನಿಮಗೆ ಗೊತ್ತಾಗಿಬಿಡುತ್ತೆ, ಅದಕ್ಕೆ ನನ್ನ ಪರ್ಸಿಂದ ಹಾಕಿದೆ. ಕಟಕ್ ಅಂತು. ನಾನು ಅಡುಗೆಮನೆಗೆ ಓಡಿಬಿಟ್ಟೆ." ಅವಳ ಕಣ್ಣು ತುಂಬಿತ್ತು. "ಆಮೇಲೆ ದಿನಾ ನೀವು ಬಂದು ಇದನ್ನ ಎಳೆಯೋದು ನೋಡೋಕಾಗಲಿಲ್ಲ ಅಪ್ಪ. ಗುಜರಿಗಾದ್ರೂ ಹೋಗಲಿ ಅನ್ನಿಸ್ತು."

"ಗಾಲಿಗಳು ಎಲ್ಲಿ ನಿಂತ್ವು?"

"ಏನು?"

"ಚೆರ್ರಿನಾ, ನಿಂಬೆನಾ?"

"ತಿರುಗಲೇ ಇಲ್ಲ."

"ನಿನಗೆ ಹಿಡಿ ಮುಟ್ಟಬೇಡ ಅಂತ ಹೇಳಿದ್ದೆನಲ್ಲ."

"ಅದು ನನಗೆ ಆರು ವರ್ಷ ಆದಾಗ. ನನಗೀಗ ಐವತ್ತೆಂಟು."

ಸಿರಿಲ್ ಬಿಲ್ಲೆಯನ್ನು ಅಂಗೈಯಲ್ಲಿ ಆಡಿಸುತ್ತಾ ನಿಂತ. ಮಳಿಗೆಯಲ್ಲಿ ಅವನೂ ಆ ಶುಕ್ರವಾರದ ಲಕೋಟೆಗಳನ್ನು ಕಂಡವನೇ. ಅದಕ್ಕೇ ತನ್ನ ಮನೆಗೊಂದು ಕಾನೂನು ಮಾಡಿದ್ದ, ಮಗಳು ಆ ಹಿಡಿ ಮುಟ್ಟಕೂಡದು ಅಂತ. ಮಾಡಿ, ಅದನ್ನು ಎತ್ತಬೇಕು ಅನ್ನುವುದು ಐವತ್ತೆರಡು ವರ್ಷ ಮರೆತುಬಿಟ್ಟಿದ್ದ. ಜಾಡಿಗೆ ಕೈ ಹಾಕಿ ಒಂದು ದಪ್ಪ ಪೆನ್ನಿ ತೆಗೆದು ಮಗಳ ಕಡೆ ಚಾಚಿದ.

"ತಗೋ. ಪರವಾನಗಿ ಕೊಟ್ಟೆ."

ಲೋರ್ನಾ ಕಣ್ಣೊರೆಸಿಕೊಂಡು ಪೆನ್ನಿ ಹಾಕಿ ಹಿಡಿ ಎಳೆದಳು. ಹಿಡಿ ಬುಡದವರೆಗೂ ಇಳಿಯಿತು. ಮೂರು ಗಾಲಿ ಗರ್ರನೆ ತಿರುಗಿದವು, ಒಳಗೆ ಗಡಿಯಾರದಂಥದ್ದು ಟಿಕಟಿಕ ಅಂದಿತು, ಒಂದಾದ ಮೇಲೊಂದು ಗಾಲಿ ನಿಂತಿತು. ಗಂಟೆ, ಪ್ಲಮ್, ನಿಂಬೆ. ಒಂದು ಕಾಸೂ ಉದುರಲಿಲ್ಲ.

"ಸೋತೆ," ಅಂದಳು ಲೋರ್ನಾ.

"ಎಲ್ಲರೂ ಸೋಲ್ತಾರೆ. ಅದನ್ನ ನೀನು ಆರು ವರ್ಷಕ್ಕೇ ಕಲೀಬೇಕಾಗಿತ್ತು, ನಾನು ಬಿಡಲಿಲ್ಲ," ಅಂದ ಸಿರಿಲ್. ನಕ್ಕ ರಭಸಕ್ಕೆ ಕೆಮ್ಮು ಬಂತು. ಕೆಮ್ಮುತ್ತಲೇ ಪ್ಲಮ್ ಬ್ರೆಡ್ಡು ಎಲ್ಲಿದೆ ಅಂತ ಕೇಳಿದ. ಎರಡು ತುಂಡು ತಿಂದು ಮೂರನೆಯದಕ್ಕೆ ಕೈಚಾಚಿದ. ಲೋರ್ನಾ ಹಜಾರಕ್ಕೆ ಹೋಗಿ ಗುಜರಿಯವನಿಗೆ ಫೋನ್ ಮಾಡುವುದು ಒಳಗೆ ಕೇಳುತ್ತಿತ್ತು. ಇಲ್ಲ, ನಾಳೆ ಬರಬೇಡಿ, ಈ ಮನೆಯಲ್ಲಿ ಗುಜರಿ ಏನೂ ಇಲ್ಲ ಅನ್ನುತ್ತಿದ್ದಳು.

ಥೆಲ್ಮಾ ನಿಂತಲ್ಲೇ ನಿಂತಿದ್ದಳು. ಅವಳ ಟೀ ಕಿಟಕಿಯ ಬಳಿ ಮುಟ್ಟದೆ ಆರಿಹೋಗಿ, ಮೇಲೆ ಕೆನೆ ಕಟ್ಟಿತ್ತು. ಬೆನ್ನಿನ ಬಾಗಿಲಿನ ಕೊನೆಯ ಸ್ಕ್ರೂ ಕೂತು, ಸಿರಿಲ್ ಡಬ್ಬಿಯ ಮುಚ್ಚಳ ಹಾಕುವವರೆಗೂ ಅವಳು ಅಲ್ಲಾಡಲಿಲ್ಲ. ಅವನು ಡಬ್ಬಿಯನ್ನು ಕಾಲಿನಿಂದ ಬದಿಗೆ ಸರಿಸಿ, ಅವಳ ಉಸಿರು ಕೇಳುವ ಕಡೆಗೆ ತಿರುಗಿದ.

"ಎರಡನೇ ಗಾಲಿ ಸ್ವಲ್ಪ ತಡ," ಅಂದ.

"ಹೂಂ. ಕೇಳಿಸ್ತು."

"ಅದಕ್ಕೆ ನನ್ನ ಕೈ ಸಾಲದು. ಅರ್ಜಿ ಹಾಕು. ಆರು ವಾರ ಕಾಯ್ತೀನಿ, ನನಗೇನು ಅವಸರ." ಜಾಡಿಯಿಂದ ಇನ್ನೊಂದು ಪೆನ್ನಿ ತೆಗೆದು ಅಂಗೈ ಮೇಲಿಟ್ಟು ಚಾಚಿದ. "ಆಡೋದಕ್ಕೆ ಅಡ್ಡಿ ಇಲ್ವಲ್ಲ?"

"ಇಲ್ಲ."

"ಹಾಗಾದ್ರೆ ಕೈ ತೆಗಿ ಹುಡುಗಿ."

ಥೆಲ್ಮಾ ಕಾರ್ಡಿಗನ್ನಿನ ಜೇಬುಗಳಿಂದ ಎರಡೂ ಕೈ ಹೊರಗೆ ತೆಗೆದಳು. ಮುಷ್ಟಿ ತಕ್ಷಣ ಬಿಚ್ಚಿಕೊಳ್ಳಲಿಲ್ಲ, ಒಂದೊಂದೇ ಬೆರಳು ಬಿಡಿಸಬೇಕಾಯಿತು. ಎರಡು ಅಂಗೈಯಲ್ಲೂ ನಾಲ್ಕು ನಾಲ್ಕು ಉಗುರಿನ ಗುರುತು ಕೆಂಪಗೆ ಮೂಡಿದ್ದವು. ಪೆನ್ನಿ ಕೊಡುವಾಗ ಸಿರಿಲ್‌ನ ಬೆರಳು ಆ ಗುರುತುಗಳ ಮೇಲೆ ಒಂದು ಕ್ಷಣ ನಿಂತಿತು. ಅವಳು ಹೋಗಿ ಪೆನ್ನಿ ಹಾಕಿ ಹಿಡಿ ಎಳೆದಳು.